ಚಿತ್ರದ ಹಿಂದಿನ ಮಾತು

ಸೋಮವಾರ ಮಧ್ಯಾಹ್ನ ಗಡಿಯಾರ ಒಂದು ಗಂಟೆ ತೋರಿಸಿತು. ನಂಜುಂಡನ್ ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ಎದ್ದ.

ಭೂಮಿ ತಲೆ ಎತ್ತಲಿಲ್ಲ. ಎತ್ತದೆಯೇ ಅವಳಿಗೆ ಎಲ್ಲವೂ ಗೊತ್ತಿತ್ತು. ಅವನು ಬಾಗಿಲ ಬಳಿ ಒಂದು ಕ್ಷಣ ನಿಲ್ಲುತ್ತಾನೆ. "ಬರ್ತೀನುಂಗ ಮೇಡಂ" ಎನ್ನುತ್ತಾನೆ, ಮಾತಿನ ತುದಿಗೆ ಆ ಸೀಮೆಯ ಮರ್ಯಾದೆಯ 'ಉಂಗ' ಸೇರಿಸಿ. ಮೆಟ್ಟಿಲಿಳಿದು, ಬೇವಿನ ಮರ ದಾಟಿ, ಲೈಬ್ರರಿಯ ಕಡೆ ತಿರುಗುತ್ತಾನೆ. ಅಲ್ಲಿ ಮೂಲೆಯ ಕಂಪ್ಯೂಟರಿನ ಮುಂದೆ ಸೆಲ್ವಿ ಕಾಯುತ್ತಿರುತ್ತಾಳೆ.

"ಬರ್ತೀನುಂಗ ಮೇಡಂ."

"ಹೋಗ್ಬನ್ನಿ," ಎಂದಳು ಭೂಮಿ, ಕೀಬೋರ್ಡಿಗೆ.

ಅವನು ಹೋದ ಮೇಲೆ ಅವಳು ಚಿತ್ರಾನ್ನದ ಡಬ್ಬ ತೆರೆದಳು. ಎರಡು ತುತ್ತು ತಿಂದಳು, ಮುಚ್ಚಿದಳು. ಹಸಿವಿನ ಜಾಗದಲ್ಲಿ ಬೇರೇನೋ ಕೂತಿತ್ತು. ಹಳ್ಳಿಯ ಹೆಂಗಸರು ಅದಕ್ಕೆ ಒಳ್ಳೆಯ ಹೆಸರಿಟ್ಟಿದ್ದಾರೆ, ಹೊಟ್ಟೆಕಿಚ್ಚು ಅಂತ. ಸೌದೆ ಬೇಡ, ಊದುಕೊಳವೆ ಬೇಡ, ಹಚ್ಚಿದವರು ಯಾರೆಂದು ಕೇಳುವ ಹಾಗೂ ಇಲ್ಲ. ದೇವರ ಮುಂದೆ ಕೂತು ಕಣ್ಣು ಮುಚ್ಚಿದರೂ ಅದು ತನ್ನ ಪಾಡಿಗೆ ಉರಿಯುತ್ತಿರುತ್ತದೆ.

ಸೆಲ್ವಿಗೆ ಕಣ್ಣು ಕಾಣುತ್ತಿರಲಿಲ್ಲ. ಧಾರಾಪುರದ ಹುಡುಗಿ, ಎಂ.ಎ. ಓದುತ್ತಿದ್ದಳು. ಲೈಬ್ರರಿಯ ಆ ಒಂದು ಕಂಪ್ಯೂಟರಿನಲ್ಲಿ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇತ್ತು. ಅಕ್ಷರವಾದರೆ ಅದು ತಾನೇ ಓದುತ್ತದೆ. ಚಿತ್ರ ಬಂದರೆ ಮಾತ್ರ ತಡವರಿಸುತ್ತದೆ. ಚಿತ್ರದಲ್ಲೇನಿದೆ ಎಂದು ಯಾರಾದರೂ ಅದರ ಹಿಂದೆ ನಾಲ್ಕು ಮಾತು ಬರೆದಿಟ್ಟಿದ್ದರೆ ಆ ಮಾತನ್ನು ಓದುತ್ತದೆ. ಜನವರಿಯಿಂದ ನಂಜುಂಡನ್ ದಿನವೂ ಸೆಲ್ವಿಯ ಪಕ್ಕ ಕೂತು ಯೂನಿವರ್ಸಿಟಿ ವೆಬ್‌ಸೈಟಿನ ಪುಟಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಅವಳು ಕೇಳುತ್ತಿದ್ದಳು, ಅವನು ತಿದ್ದುತ್ತಿದ್ದ.

ಇದೆಲ್ಲ ಭೂಮಿಗೆ ಗೊತ್ತಿಲ್ಲದ್ದಲ್ಲ. ಕಣ್ಣು ಕಾಣದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪ ಎಂದು ಅವಳು ರಾತ್ರಿ ಗಣಪತಿಗೆ ತಪ್ಪು ಒಪ್ಪಿಸುತ್ತಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಪಡುತ್ತಿದ್ದಳು.

ಕಳೆದ ವಾರ ಪುಸ್ತಕ ವಾಪಸು ಕೊಡುವ ನೆಪದಲ್ಲಿ ಅವಳು ಲೈಬ್ರರಿಗೆ ಹೋಗಿದ್ದಳು. ಕಪಾಟಿನ ಹಿಂದೆ ನಿಂತಳು. ನಂಜುಂಡನ್ ಸೆಲ್ವಿಗೆ ತಮಿಳಿನಲ್ಲಿ ಹೇಳುತ್ತಿದ್ದ: "ನೀಲಿ ಅಂದ್ರೆ ಹೆಂಗೆ ಹೇಳ್ಲಿ? ನಮ್ಮನೇಲಿ ಎಂಟು ಪವರ್‌ಲೂಮು. ಕರೆಂಟ್ ಹೋದ ತಕ್ಷಣ ಎಂಟೂ ಒಂದೇ ಸಲ ನಿಂತ್ಕೋತವಲ್ಲ, ಆಗ ಕಿವೀಗೆ ಒಂದು ತಂಪು ಬರ್ತದೆ. ಅದು ನೀಲಿ."

ಸೆಲ್ವಿ ನಕ್ಕಳು. "ನಂಜು ಸಾರ್, ನೀವು ಕವಿ ಆಗಬೇಕಿತ್ತು."

ನಂಜು ಸಾರ್! ಇಡೀ ಕ್ಯಾಂಪಸ್ಸಿಗೆ ಅವನು ನಂಜುಂಡನ್. ಇವಳಿಗೊಬ್ಬಳಿಗೆ ನಂಜು ಸಾರ್.

ಭೂಮಿ ಪುಸ್ತಕವನ್ನು ತಪ್ಪು ಕಪಾಟಿನಲ್ಲಿಟ್ಟು ಹೊರಬಂದಳು. ಸೆಲ್ವಿಗೆ ನೀಲಿಯ ತಂಪು. ತನಗೆ? ತನಗೆ ಅವನು ವರ್ಷವಿಡೀ ಹೇಳಿದ್ದು ಇಷ್ಟೇ: "ಮೇಡಂ, ಫೋಟೋ ನಲವತ್ತು ಕೆಬಿ ಮೀರಬಾರದುಂಗ. ಹಳ್ಳಿ ಬ್ರೌಸಿಂಗ್ ಸೆಂಟರ್‌ನಾಗೆ ತೆಗಿಯಾ ಹುಡುಗರಿಗೆ ಅರ್ಧ ಗಂಟೆ ಕಾಸು ಅದೊಂದಕ್ಕೇ ಹೋಗ್ತದೆ."

*

ಕೊಯಮತ್ತೂರಿನಿಂದ ಪಲ್ಲಡಂ ಕಡೆ ಹೋಗುವ ರಸ್ತೆಯಲ್ಲಿದ್ದ ಆ ಯೂನಿವರ್ಸಿಟಿಗೆ ಭೂಮಿ ತಿಪಟೂರಿನಿಂದ ಬಂದು ಒಂದು ವರ್ಷವಾಗುತ್ತಿತ್ತು. ಪರೀಕ್ಷಾ ವಿಭಾಗದ ಮೇಲಿನ ಒಂದು ಕೋಣೆ, ಎರಡು ಕಂಪ್ಯೂಟರು, ಇಬ್ಬರು ಮನುಷ್ಯರು. ಅದಕ್ಕೆ ವೆಬ್ ಸೆಲ್ ಎಂದು ಹೆಸರು. ಪುಟದ ಒಳಗಿನ ಬರಹ ಅವಳದು, ಪುಟ ಕಟ್ಟುವ ಕೆಲಸ ಅವನದು.

ಬಂದ ಮೊದಲ ದಿನ ಅವಳ ಕುರ್ಚಿ ಪಕ್ಕಕ್ಕೆ ವಾಲಿ ಬೀಳಿಸುವುದರಲ್ಲಿತ್ತು. "ಹಾಳಾದ ಕುರ್ಚಿ!" ಎಂದು ಬಾಯಿ ತಪ್ಪಿ ಕನ್ನಡ ಬಂತು.

"ಅದು ಹಂಗೇನೇ ಮೇಡಂ. ಅದುಕ್ಕೆ ಒಂದು ಕಾಲು ಕುಳ್ಳ," ಎಂಬ ಕನ್ನಡ ಎದುರಿನ ಮೇಜಿನಿಂದ ಬಂತು.

ಅವಳು ಬೆಚ್ಚಿ ನೋಡಿದಳು. "ನೀವು ಕನ್ನಡದವ್ರಾ?"

"ಮನೇಲಿ ಮಾತ್ರಂಗ. ಎಷ್ಟು ತಲೆಯಿಂದಾನೋ ಇಲ್ಲೇ ಪಲ್ಲಡಂ. ಆಚೆ ಬಂದ್ರೆ ತಮಿಳು. ಕನ್ನಡ ಓದಕ್ಕೆ, ಬರಿಯಕ್ಕೆ ಬರಾದಿಲ್ಲ."

ಅವಳು ಒಂದು ಚೀಟಿಯ ಮೇಲೆ ಅವನ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಗುಂಡುಗುಂಡಗೆ ಚೆಂದಾಗದೆ," ಎಂದು ಮಡಿಸಿ ಜೇಬಿಗಿಟ್ಟುಕೊಂಡ. ಆ ಕ್ಷಣ ಅವನ ಕಿವಿಯ ತುದಿ ಕೆಂಪಾದದ್ದನ್ನು ಅವಳು ನೋಡಿದ್ದಳು. ಅದೊಂದನ್ನೇ ನಂಬಿಕೊಂಡು ಒಂದು ವರ್ಷ ಕಳೆದಳು ಎಂದರೆ ಸುಳ್ಳಾಗದು.

ಅವನು ಕೆಲಸ ಮಾಡುವ ರೀತಿ ಪೂಜೆಯಂತಿತ್ತು. ಸೋಮವಾರ ಬೆಳಿಗ್ಗೆ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡಬೇಕು, ಒಂದೂ ಎಲ್ಲಿಗೂ ಹೋಗದೆ ನಿಲ್ಲಬಾರದು. ಪುಟದ ಕೆಳಗೆ ಅದನ್ನು ಕಡೆಯ ಸಲ ಮುಟ್ಟಿದ ದಿನಾಂಕ ಇರಬೇಕು. ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರ ಬೇಕು. "ಯಜಮಾನ ಇಲ್ಲದ ಮನೆ, ಹೊಣೆಗಾರ ಇಲ್ಲದ ಪುಟ, ಎರಡರಾಗೂ ಜೇಡ ಕಟ್ತದೆ," ಎನ್ನುತ್ತಿದ್ದ. ಚಿತ್ರದ ಹಿಂದೆ ಮಾತಿರಬೇಕು, ಆ ಮಾತು ಚಿಕ್ಕದಿರಬೇಕು. ಹಳೆಯ ಪುಟಗಳ ಚಿತ್ರಗಳಿಗೆ ಮಾತು ಬರೆಯುವುದು ಅವನ ಪಾಲು. ಹೊಸ ಪುಟಗಳದ್ದು ಅವಳ ಪಾಲು.

ಆ ಸೋಮವಾರ ಅವಳ ಪಾಲಿಗೆ ಪದವಿ ಪ್ರದಾನದ ಪುಟ ಬಂದಿತ್ತು. ಹದಿನೇಳು ಚಿತ್ರ.

ಅವಳು ಮೊದಲನೆಯದಕ್ಕೆ ಬರೆಯಲು ಹೊರಟಳು. ಕಪ್ಪು ಗೌನು, ಜರಿಯ ಅಂಚು... ಕೈ ನಿಂತಿತು. ತಾನು ಬರೆದ ಮಾತನ್ನು ನಾಳೆ ಅವನು ಸೆಲ್ವಿಯ ಪಕ್ಕ ಕೂತು ಕೇಳುತ್ತಾನೆ. ಜರಿ ಅಂದರೇನು ಎಂದು ಅವಳು ಕೇಳುತ್ತಾಳೆ. ಅವನು ಜರಿಗೊಂದು ತಂಪು ಹುಡುಕುತ್ತಾನೆ. ಅವರ ಒಂದು ಗಂಟೆಗೆ ನಾನೇ ಬತ್ತಿ ಹೊಸೆದು ಕೊಡಬೇಕೆ?

ಅವಳು 'ಫೋಟೋ' ಎಂದು ಬರೆದಳು. ಎರಡನೆಯದಕ್ಕೂ 'ಫೋಟೋ'. ಹದಿನೇಳಕ್ಕೂ 'ಫೋಟೋ'. ಪುಟವನ್ನು ವೆಬ್‌ಸೈಟಿಗೆ ಏರಿಸಿಬಿಟ್ಟಳು.

ಆಮೇಲೆ ನೀರು ಕುಡಿದಳು. ನೀರು ಆ ಕಿಚ್ಚಿನ ತನಕ ತಲುಪಲಿಲ್ಲ.

*

ಅದೇ ವಾರ ಆಫೀಸ್ ಸೂಪರಿಂಟೆಂಡೆಂಟ್ ಮೈಲ್‌ಸಾಮಿ ಮೆಟ್ಟಿಲು ಹತ್ತಿ ಬಂದರು. ವೆಬ್‌ಸೈಟಿನ ಪ್ರತಿ ಪುಟವನ್ನೂ ಪ್ರಿಂಟ್ ತೆಗೆದು, ಸಹಿ ಹಾಕಿ, ಟ್ಯಾಗ್ ಕಟ್ಟಿ ಫೈಲಿನಲ್ಲಿಡುವ ಪದ್ಧತಿ ಅವರದೇ. ಸಹಿ ಇಲ್ಲದ ಪುಟ ಅವರ ಲೆಕ್ಕದಲ್ಲಿ ಗಾಳಿಯಲ್ಲಿರುವ ಪುಟ.

"ಏನಮ್ಮಾ," ಎಂದರು ತಮಿಳಿನಲ್ಲಿ, "ನಿನ್ನ ಒಂದು ವರ್ಷ ಈ ತಿಂಗಳಿಗೆ ಮುಗೀತದೆ. ಮುಂದಿನ ವರ್ಷದ ಕಾಗದ ಇಲ್ಲಿದೆ. ಶುಕ್ರವಾರದ ಒಳಗೆ ಸಹಿ ಹಾಕು. ಇಲ್ಲ ಅಂದ್ರೆ ಪುಟಗಳನ್ನ ಒಪ್ಪಿಸಿ ಹೋಗು."

ಭೂಮಿ ನಂಜುಂಡನ್ ಕಡೆ ನೋಡಿದಳು. ಅವನು ಕೇಬಲ್ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

"ತುಮಕೂರಲ್ಲಿ ಒಂದು ಕಾಲೇಜಲ್ಲಿ ಕರೆದಿದಾರೆ ಸಾರ್," ಎಂದಳು. "ಪುಟ ಒಪ್ಪಿಸ್ತೀನಿ."

ಮೈಲ್‌ಸಾಮಿ ಹೋದರು.

"ಅರವತ್ನಾಕು ಪುಟ ನಿಮ್ಮ ಹೆಸರಲ್ಲಿ ಅದಾವೆ," ಎಂದ ನಂಜುಂಡನ್, ಕೇಬಲ್ ಕೆಳಗಿಟ್ಟು.

"ಹೌದಾ."

"ಯಾರಿಗೆ ಕೊಡದು?"

"ಯಾರಿಗಾದ್ರೂ ಕೊಡಿ. ಸೆಲ್ವಿಗೆ ಕೊಡಿ."

"ಸೆಲ್ವಿ ಸ್ಟೂಡೆಂಟುಂಗ. ಅವಳಿಗೆ ಹೆಂಗೆ..."

"ನಿಮ್ಗೆ ಆಕೆ ಹತ್ರ ಮಾತಾಡೋಕೆ ಬರುತ್ತಲ್ಲ. ನನ್ನ ಹತ್ರ ಆದ್ರೆ ಬರೀ ಕೆಬಿ."

ಅವನು ತಲೆ ಎತ್ತಿ ನೋಡಿದ. ಕಿವಿಯ ತುದಿ ಕೆಂಪಾಯಿತು.

"ಸರೀಂಗ," ಎಂದ. "ಲಿಸ್ಟು ನಾನು ತೆಗೀತೀನಿ."

ತನಗೆ ಬೇಕಾದದ್ದು 'ಹೋಗಬೇಡಿ' ಎಂಬ ಒಂದು ಮಾತು. ಸಿಕ್ಕಿದ್ದು ಲಿಸ್ಟು. ಅವಳು ಬ್ಯಾಗು ತಗಲಿಸಿಕೊಂಡು, ಇನ್ನೂ ನಾಲ್ಕೂವರೆಯೇ ಆಗಿದ್ದರೂ, ಹಾಸ್ಟೆಲ್ಲಿಗೆ ಹೊರಟಳು.

*

ಗುರುವಾರ ಬೆಳಿಗ್ಗೆ ಆಡಿ ಮಾಸದ, ಅಂದರೆ ತಮಿಳರ ಆಷಾಢದ, ಗಾಳಿ ಪಾಲಘಾಟ್ ಕಡೆಯಿಂದ ನುಗ್ಗುತ್ತಿತ್ತು. ಆಡಿ ಗಾಳಿಗೆ ರುಬ್ಬುಗಲ್ಲೂ ಹಾರುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ. ಆ ಗಾಳಿಯಲ್ಲಿ ಕೋಲು ತಟ್ಟುತ್ತಾ ಯಾರೋ ಮೆಟ್ಟಿಲು ಹತ್ತುವ ಸದ್ದಾಯಿತು. ನಂಜುಂಡನ್ ಆಗ ಸರ್ವರ್ ಕೋಣೆಗೆ ಹೋಗಿದ್ದ.

"ಭೂಮಿ ಅಕ್ಕಾ ಇದೀರಾ?"

ಸೆಲ್ವಿ. ಕೆದರಿದ ಕೂದಲು, ಕೈಯಲ್ಲಿ ಕೋಲು, ಮುಖದಲ್ಲಿ ಜಗಳ.

ಭೂಮಿ ಎದ್ದು ಅವಳ ಕೈ ಹಿಡಿದು ಕುರ್ಚಿಗೆ ಕೂರಿಸಿದಳು. ಕುಳ್ಳ ಕಾಲಿನ ಕುರ್ಚಿ ವಾಲಿತು.

"ಬೀಳಿಸಬೇಡಿ ಅಕ್ಕಾ, ಕಂಪ್ಲೇಂಟ್ ಕೊಡೋಕೆ ಬಂದಿದೀನಿ," ಎಂದಳು ಸೆಲ್ವಿ ತನ್ನ ತಮಿಳಿನಲ್ಲಿ. "ಎರಡು ಕಂಪ್ಲೇಂಟು. ಒಂದು, ಪದವಿ ಪ್ರದಾನದ ಪುಟ. ಫೋಟೋ, ಫೋಟೋ, ಫೋಟೋ. ಹದಿನೇಳು ಸಲ! ನಮ್ಮಕ್ಕ ಆ ದಿನ ಮೆಡಲ್ ತಗೊಂಡ್ಳು. ಅವಳು ಎಲ್ಲಿ ನಿಂತಿದಾಳೆ, ಮುಖ ಹೆಂಗಿದೆ ಅಂತ ಕೇಳೋಕೆ ನಿನ್ನೆ ಕೂತೆ. ಮಿಷನ್ನು ಫೋಟೋ ಫೋಟೋ ಅಂತ ನನ್ನ ತಲೆ ಮೇಲೆ ಮೊಟಕಿತು. ಯಾರೋ ಕೋಪ ತೀರಿಸ್ಕೊಂಡ ಹಾಗಿತ್ತು."

ಹದಿನೇಳು 'ಫೋಟೋ' ಬರೆದು ಬಾಗಿಲು ಮುಚ್ಚಿದ್ದು ಭೂಮಿ. ಆಚೆ ನಿಂತು ತಟ್ಟುತ್ತಿದ್ದವಳು ತನ್ನ ಅಕ್ಕನನ್ನು ಹುಡುಕುತ್ತಿದ್ದಳು.

"ಅದು ನಾನೇ ಸೆಲ್ವಿ," ಎಂದಳು. "ಕೋಪದಲ್ಲೇ ಬರೆದೆ."

"ಯಾರ ಮೇಲೆ?"

"ನಿನ್ ಮೇಲೆ."

"ನಾನೇನು ಮಾಡಿದೆ?"

"ಏನೂ ಮಾಡಿಲ್ಲ. ಅದಕ್ಕೇ ತಪ್ಪಾಯ್ತು ಅಂತಿದೀನಿ. ಇವತ್ತೇ ತಿದ್ತೀನಿ."

"ತಿದ್ದಿ. ನಮ್ಮಕ್ಕನದು ಚೆನ್ನಾಗಿ ಬರೀರಿ. ಆಮೇಲೆ ಕ್ಷಮಿಸೋದು ಬಿಡೋದು ನೋಡ್ತೀನಿ." ಸೆಲ್ವಿ ಕೋಲನ್ನು ಮಡಿಲಲ್ಲಿಟ್ಟುಕೊಂಡಳು. "ಎರಡನೇದು ಇನ್ನೂ ಕಷ್ಟ. ಹೋದ ವರ್ಷದ ಪುಟ, ವೆಬ್‌ಸೈಟ್ ಉದ್ಘಾಟನೆದು. ಯಾರೂ ಹೋಗದ ಪುಟ, ನಾನು ಪುಟಗಳ ಪಟ್ಟಿ, ಆ ಸೈಟ್ ಮ್ಯಾಪ್ ಹಿಡಿದು ಸಾಲಾಗಿ ಹೋಗ್ತೀನಲ್ಲ, ಸಿಕ್ತು. ಒಂದೇ ಚಿತ್ರ. ಅದರ ಹಿಂದಿನ ಮಾತು ಅರ್ಧ ನಿಮಿಷ! ಚಿಕ್ಕದಾಗಿ ಬರೀಬೇಕು ಅಂತ ರೂಲ್ಸ್ ಇಲ್ಲವಾ? ಅದೂ ಇಂಗ್ಲಿಷ್ ಅಲ್ಲ, ತಮಿಳಲ್ಲ. ಮಿಷನ್ನಿಗೆ ಕೆಮ್ಮು ಬಂದ ಹಾಗೆ ಓದುತ್ತೆ. ವೈಸ್ ಚಾನ್ಸಲರ್, ಕ್ಯಾಮರಾ ಅಂಥವು ಬಿಟ್ಟರೆ ನನಗೆ ತಿಳಿದದ್ದು ಒಂದೇ ಪದ. ಮೂರು ಸಲ ನಿಮ್ಮ ಹೆಸರು."

"ನನ್ ಹೆಸರಾ?"

"ಅದಕ್ಕೇ ನಿಮ್ಮ ಹತ್ರ ಬಂದೆ. ನಂಜು ಸಾರ್‌ನ ಕೇಳಿದ್ರೆ ಅವರಿಗೂ ಕೆಮ್ಮು ಬಂತು."

*

ಸೆಲ್ವಿಯನ್ನು ಕೆಳಗೆ ಬಿಟ್ಟುಬಂದು ಭೂಮಿ ಆ ಪುಟ ತೆರೆದಳು.

ಹೋದ ವರ್ಷದ ಆಡಿ. ಈ ತಿಂಗಳಲ್ಲಿ ಒಳ್ಳೆ ಕೆಲಸ ಶುರುಮಾಡಬಾರದು ಎಂದು ಮೈಲ್‌ಸಾಮಿ ಬಡಕೊಂಡಿದ್ದರು, ಯಾರೂ ಕೇಳಿರಲಿಲ್ಲ. ದೀಪ ಮೂರು ಸಲ ಆರಿತ್ತು. ಚಿತ್ರದಲ್ಲಿ ವೈಸ್ ಚಾನ್ಸಲರ್ ದೀಪ ಹಚ್ಚುತ್ತಿದ್ದರು. ಎಡ ಅಂಚಿನಲ್ಲಿ ಅವಳದೇ ಒಂದು ಕೈ ಮಾತ್ರ ಉಳಿದಿತ್ತು. ಮಿಕ್ಕ ಭೂಮಿಯನ್ನು ಫೋಟೋದವನು ಕತ್ತರಿಸಿಬಿಟ್ಟಿದ್ದ. ಅವಳಿಗೇ ಅದು ಮರೆತುಹೋಗಿತ್ತು.

ಮೌಸನ್ನು ಚಿತ್ರದ ಮೇಲೆ ತಂದಳು. ಚಿತ್ರದ ಹಿಂದಿನ ಮಾತು ಪರದೆಯ ಮೇಲೆ ಒಂದು ಪುಟ್ಟ ಹಳದಿ ಚೀಟಿಯಾಗಿ ಮೂಡಿತು. ಇಂಗ್ಲಿಷ್ ಅಕ್ಷರ. ಒಳಗಿದ್ದದ್ದು ಕನ್ನಡ, ಪಲ್ಲಡಂನ ಮನೆಯೊಳಗಿನ ಕನ್ನಡ. ತುಟಿಯಾಡಿಸುತ್ತಾ ಕೂಡಿಸಿ ಓದಿದಳು.

'ವೈಸ್ ಚಾನ್ಸಲರ್ ದೀಪ ಹಚ್ತಾ ಇದಾರೆ. ಪಕ್ಕದಾಗೆ ಹನ್ನೊಂದು ಜನ. ಎಲ್ಲಾರೂ ಕ್ಯಾಮರಾ ನೋಡ್ತಾ ಇದಾರೆ. ದೀಪ ನೋಡ್ತಾ ಇರಾದು ಒಂದು ಕೈ ಮಾತ್ರ. ಗಾಳೀಗೆ ಆರದಂಗೆ ಮರೆ ಹಿಡಿದಿರಾ ಕೈ. ಎರಡು ಹಸುರು ಬಳೆ. ಹೆಬ್ಬೆಟ್ಟಿಗೆ ಇಂಕು. ಮುಖ ಫೋಟೋದಾಗೆ ಬಂದಿಲ್ಲ. ಅದು ಭೂಮಿ. ನಮ್ಮವ್ವ ಸಾಯಂಕಾಲ ದೀಪ ಹಚ್ಚಿದ್ರೆ ಹಿಂಗೇ ಕೈ ಹಿಡೀತಾಳೆ. ಭೂಮಿ ನಮ್ಮನೇಲಿ ದೀಪ ಹಚ್ಚಿದ್ರೆ ಹೆಂಗಿರ್ತದೆ ಅಂತ ದಿನಾ ಯೋಚ್ನೆ ಬರ್ತದೆ. ಕೇಳಕ್ಕೆ ಧೈರ್ಯ ಬರಾದಿಲ್ಲ. ಭೂಮಿಗೆ ಗೊತ್ತಾಗಬಾರದು.'

ಹಳದಿ ಚೀಟಿ ಮಾಯವಾಯಿತು. ಅವಳು ಮೌಸನ್ನು ಸರಿಸಿ ಮತ್ತೆ ತಂದಳು. ಮತ್ತೆ ಮೂಡಿತು. ಮತ್ತೆ.

ಕಣ್ಣು ಪುಟದ ಕೆಳಗೆ ಇಳಿಯಿತು. ಕಡೆಯ ಸಲ ಮುಟ್ಟಿದ ದಿನ: ಹದಿನಾಲ್ಕು ನವೆಂಬರ್ ಎರಡು ಸಾವಿರದ ಆರು.

ನವೆಂಬರ್. ಸೆಲ್ವಿ ಈ ಕ್ಯಾಂಪಸ್ಸಿನ ಕಂಪ್ಯೂಟರ್ ಮುಟ್ಟಿದ್ದೇ ಜನವರಿಯಲ್ಲಿ. ಅವಳಿಗೆ ಅವನು ನೀಲಿಯನ್ನು ಹುಡುಕಿಕೊಡುವ ಮೊದಲೇ ಇಲ್ಲೊಂದು ಹಸಿರು ಬಳೆ ಇತ್ತು. ತಿಂಗಳುಗಟ್ಟಲೆ ತಾನು ಉರಿದದ್ದೆಲ್ಲ, ದೀಪ ತನ್ನದೇ ಮನೆಯಲ್ಲಿರುವಾಗ ಪಕ್ಕದ ಮನೆಯ ಬೆಳಕಿಗೆ ಶಾಪ ಹಾಕಿದಂತೆ.

ಭೂಮಿ ಮುಖ ಮುಚ್ಚಿಕೊಂಡು ಕೂತಳು. ಅಳು ಬಂತೋ ನಗು ಬಂತೋ, ಒಟ್ಟಿಗೇ ಬಂದವು. ಮನಸ್ಸಿನಲ್ಲೇ ಗಣಪತಿಗೆ ಕೈಮುಗಿದಳು. ಇಷ್ಟು ದಿನ ಒಪ್ಪಿಸಿದ ತಪ್ಪುಗಳನ್ನೆಲ್ಲ ಇಟ್ಟುಕೊಂಡು ಆ ದೇವರು ಇದೊಂದು ಹಳದಿ ಚೀಟಿ ಕೊಟ್ಟಿದ್ದ.

ಆಮೇಲೆ ಕೆಲಸಕ್ಕೆ ಕೂತಳು. ಮೊದಲು ಹದಿನೇಳು ಚಿತ್ರ. ಒಂದೂ ಬಿಡಲಿಲ್ಲ. ಮೆಡಲ್ ಇದ್ದದ್ದು ಒಂದೇ ಚಿತ್ರದಲ್ಲಿ, ಅದು ಸೆಲ್ವಿಯ ಅಕ್ಕನದು. ಅದಕ್ಕೆ ಇಂಗ್ಲಿಷಿನಲ್ಲಿ ಬರೆದಳು: 'ಮೆಡಲ್ ಹಾಕಿಸಿಕೊಳ್ಳಲು ತಲೆ ಬಗ್ಗಿಸಿದ ವಿದ್ಯಾರ್ಥಿನಿ, ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಾಳೆ.'

ಕಡೆಗೆ ಉದ್ಘಾಟನೆಯ ಪುಟ. ಚಿತ್ರದ ಹಿಂದಿನ ಮಾತು ಚಿಕ್ಕದಿರಬೇಕು. ಕಂಪ್ಲೇಂಟ್ ಬಂದ ಮೇಲೆ ತಿದ್ದುವುದು ಅವಳ ಕರ್ತವ್ಯ. ಅವನ ಮಾತನ್ನು ಒಂದು ಕಾಗದಕ್ಕೆ ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡು, ಮಡಿಸಿ, ಕುಪ್ಪಸದೊಳಗೆ ಸೇರಿಸಿದಳು. ನಂತರ ಚಿತ್ರದ ಹಿಂದೆ ಅವನಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಳು.

*

ಒಂದು ಗಂಟೆ.

"ಬರ್ತೀನುಂಗ ಮೇಡಂ," ಎಂದ ನಂಜುಂಡನ್. ಅವನ ಮೇಜಿನ ಮೇಲೆ ಅರವತ್ತನಾಲ್ಕು ಪುಟಗಳ ಲಿಸ್ಟು ಹಾಗೇ ಇತ್ತು. ಯಾರಿಗೆ ಎಂಬ ಕಾಲಂನಲ್ಲಿ ಅವನು ಒಂದು ಹೆಸರೂ ಬರೆದಿರಲಿಲ್ಲ.

"ನಾನೂ ಬರ್ತೀನಿ," ಎಂದಳು ಭೂಮಿ, ಡಬ್ಬ ಎತ್ತಿಕೊಂಡು.

ಅವನು ತಬ್ಬಿಬ್ಬಾದ. ದಾರಿಯುದ್ದಕ್ಕೂ ಗಾಳಿ ಅವಳ ಸೆರಗನ್ನು ಅವನ ಕಡೆಗೇ ಎಸೆಯುತ್ತಿತ್ತು. ಅವನು ಪ್ರತಿ ಸಲವೂ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದ. ಬೇವಿನ ಮರ ಬರುವಷ್ಟರಲ್ಲಿ ಚರಂಡಿಯ ಅಂಚಿನಲ್ಲಿದ್ದ.

"ಬಿದ್ದೀರಿ," ಎಂದಳು.

"ಇಲ್ಲೀಂಗ," ಎಂದ ಗಂಭೀರವಾಗಿ.

ಲೈಬ್ರರಿಯ ಮೂಲೆಯಲ್ಲಿ ಸೆಲ್ವಿ ಆಗಲೇ ಕೂತಿದ್ದಳು. "ಯಾರು, ಭೂಮಿ ಅಕ್ಕನಾ? ಬಳೆ ಸದ್ದು. ಅಕ್ಕಾ, ನಮ್ಮಕ್ಕನದು ಕೇಳಿದೆ. ಕೆಳತುಟಿ ಕಚ್ಚೋದು ಅವಳದೇ ಚಾಳಿ. ಕ್ಷಮಿಸಿದೀನಿ. ಇನ್ನು ಆ ಎರಡನೇ ಪುಟ ನೋಡೋಣ."

"ಯಾವ ಪುಟ?" ನಂಜುಂಡನ್ ಕ್ಯಾರಿಯರ್ ಮುಚ್ಚಳ ತೆಗೆಯುತ್ತಿದ್ದ.

"ಉದ್ಘಾಟನೆದು."

ಅವನ ಕೈ ನಿಂತಿತು. "ಅದು ಬೇಡ ಸೆಲ್ವಿ. ಅದು ಹಳೇದು. ಅದನ್ನ ನಾನು..."

ಸೆಲ್ವಿಯ ಬೆರಳು ಗುಂಡಿ ಒತ್ತಿಯಾಗಿತ್ತು. ಮಿಷನ್ನಿನ ಕಬ್ಬಿಣದ ಗಂಟಲು ಒಂದೊಂದೇ ಪದವನ್ನು ಕಡಿದು ಕಡಿದು ಉಗುಳಿತು:

'ದೀಪಕ್ಕೆ ಮರೆ ಹಿಡಿದ ಕೈ. ಭೂಮಿಯದು. ಕೇಳಿದರೆ ಕೊಡುತ್ತಾಳೆ.'

ಕ್ಯಾರಿಯರಿನ ಮುಚ್ಚಳ ನೆಲಕ್ಕೆ ಬಿದ್ದು, ಇಡೀ ಲೈಬ್ರರಿ ಕೇಳುವಂತೆ ಗಿರಗಿರ ತಿರುಗಿ, ತಿರುಗಿ, ನಿಂತಿತು.

"ಮೂರೇ ಸೆಕೆಂಡು," ಎಂದಳು ಸೆಲ್ವಿ. "ಚಿಕ್ಕದಾಯ್ತು. ಈಗಲೂ ಏನೂ ಅರ್ಥವಾಗಲಿಲ್ಲ. ಆದ್ರೆ ಯಾರಿಗೋ ಅರ್ಥವಾಯ್ತು ಅಂತ ಮುಚ್ಚಳ ಹೇಳ್ತು. ಕಂಪ್ಲೇಂಟ್ ವಾಪಸ್." ಅವಳು ಕೋಲು ಹುಡುಕಿಕೊಂಡು ಎದ್ದಳು. "ನಾನು ನೀರು ಕುಡಿದು ಬರ್ತೀನಿ. ದಿನಾ ಒಂದು ಗಂಟೆ ಭೂಮಿ ಮೇಡಂ ಹಂಗೆ, ಭೂಮಿ ಮೇಡಂ ಹಿಂಗೆ ಅಂತ ಕೇಳಿ ನನ್ನ ಕಿವಿ ಸವೆದಿದೆ. ಇವತ್ತು ಅವರಿಗೇ ಹೇಳಿ ನಂಜು ಸಾರ್."

ಇಬ್ಬರೇ ಉಳಿದರು. ಅವನು ಮುಚ್ಚಳ ಎತ್ತಿಕೊಳ್ಳಲು ಬಗ್ಗಿದವನು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ.

"ಸಿಕ್ತಾ?" ಎಂದಳು.

"ಸಿಕ್ತುಂಗ." ಮೇಲೆ ಬಂದ. ಮುಖವೆಲ್ಲ ಕೆಂಪು. "ನೀವು... ಹೋಗ್ತೀನಿ ಅಂದ್ರಲ್ಲ. ತುಮಕೂರು."

"ನೀವು ಲಿಸ್ಟು ತೆಗೀತೀನಿ ಅಂದ್ರಲ್ಲ."

"ಬೇರೆ ಏನು ಹೇಳಕ್ಕೆ ಬರಲಿಲ್ಲ. ನಿಮ್ಮ ಕನ್ನಡ ಓದಿರಾರ ಕನ್ನಡ. ನಂದು ಒಲೆ ಮುಂದಿಂದು. ಬಾಯಿ ಬಿಟ್ರೆ ನಕ್ಕುಬಿಡ್ತೀರೇನೋ ಅಂತ. ಕೆಬಿ ಆದ್ರೆ ಎಲ್ಲಾರಿಗೂ ಒಂದೇ."

"ಒಲೆ ಮುಂದಿನ ಕನ್ನಡದಲ್ಲೇ ಕೇಳಿ," ಎಂದಳು. ಧ್ವನಿ ಅವಳಿಗೇ ಕೇಳಿಸದಷ್ಟು ಮೆತ್ತಗಿತ್ತು. "ನಾನು ನಗಲ್ಲ."

ಅವನು ಷರ್ಟಿನ ಜೇಬಿನಿಂದ ಒಂದು ಚೀಟಿ ತೆಗೆದ. ಮಡಿಕೆಯಲ್ಲಿ ಹರಿದು ಟೇಪು ಹಚ್ಚಿದ್ದ ಚೀಟಿ. ಅದರ ಮೇಲೆ ಗುಂಡುಗುಂಡಗೆ ಅವನ ಹೆಸರು.

"ಇದೊಂದು ಕಲಿಸಿದ್ರಿ," ಎಂದ. "ಮಿಕ್ಕಿದ್ದು ಯಾರು ಕಲಿಸ್ತಾರೆ? ನಮ್ಮನೇಗೆ ಬರ್ತೀಯಾ ಭೂಮಿ?"

ಮೇಡಂ ಇರಲಿಲ್ಲ, ಬಹುವಚನವೂ ಇರಲಿಲ್ಲ. ಅವಳು ನಗುವುದಿಲ್ಲ ಎಂದಿದ್ದಳು. ಮಾತು ತಪ್ಪಿದಳು. ನಗುತ್ತಲೇ ಮೇಜಿನ ಮೇಲೆ ಕೈ ಚಾಚಿದಳು. ಹೆಬ್ಬೆಟ್ಟಿಗೆ ಈವತ್ತೂ ಇಂಕು ಹತ್ತಿತ್ತು.

*

ಶುಕ್ರವಾರ ಮೈಲ್‌ಸಾಮಿ ಎರಡು ಕಾಗದಕ್ಕೆ ಸಹಿ ಹಾಕಿದರು. ಒಂದು, ಭೂಮಿಯ ಮುಂದಿನ ವರ್ಷದ ಕಾಗದ. ಇನ್ನೊಂದು, ತಿದ್ದಿದ ಉದ್ಘಾಟನಾ ಪುಟದ ಪ್ರಿಂಟು. ಪ್ರಿಂಟಿನಲ್ಲಿ ಚಿತ್ರ ಬರುತ್ತದೆ, ಚಿತ್ರದ ಹಿಂದಿನ ಮಾತು ಬರುವುದಿಲ್ಲ. ಅವರು ಕನ್ನಡಕ ಏರಿಸಿ ನೋಡಿದರು.

"ಎಲ್ಲಾ ಸರಿ. ಇದೇನಿದು, ಈ ಮೂಲೇಲಿ? ಮನುಷ್ಯರೇ ಇಲ್ಲದೆ ಒಂದು ಕೈ? ಯಾರದಿದು?"

ಭೂಮಿ ಕಿಟಕಿಯ ಆಚೆ ನೋಡಿದಳು. ಬೇವಿನ ಮರ ಗಾಳಿಗೆ ತಲೆ ಕೊಡವುತ್ತಿತ್ತು.

"ನಮ್ಮನೇದು ಸಾರ್," ಎಂದ ನಂಜುಂಡನ್.